ಘೋಡಗೇರಿ ಕಪ್ಪಿನ ಹಳದಿ ಅಂಗಿ

"ಮಹಾಜನತೆಯಲ್ಲಿ ಸವಿನಯ ವಿನಂತಿ! ಘೋಡಗೇರಿ ಕ್ಲಬ್ಬಿನ ಸೀಸನ್-ಪೂರ್ವ ವಾರ್ಷಿಕ ಟ್ರೋಫಿ ಮ್ಯಾಚಿಗೆ ನಮ್ಮ ಗೋಲ್‌ಕೀಪರ್ ಸಿದ್ರಾಯ ಚಾ ಕುಡಿಯಲು ಹೋದವನು ಮರಳಿಲ್ಲ. ಕಂಡವರು ಕಪ್ ಬಿಡಿಸಿ ಕಳಿಸಬೇಕು!"

ಮೈಕಿನ್ಯಾಗ ಹಿಂಗ ಕೂಗಿ ತಾಸ ಆಗಿಲ್ರಿ... ಅವನ್ನ ಹುಡುಕೋಂತ ಹೋದ ನಾ ತುಕ್ಕಾನಟ್ಟಿ ಕೋಳಿ ಫಾರ್ಮಿನ್ಯಾಗ. ಕುತ್ತಿಗಿ ಮ್ಯಾಲ ಕುಡಗೋಲು!

ಇನ್ನೂ ಮ್ಯಾಚ್ ಶುರು ಆಗಿಲ್ಲ. ಮೊದಲ ಗೋಲು ನನಗ.

ಹಿಡದಾವ ದುಂಡೇಶ. ಇವತ್ತಿನ ಎದುರಾಳಿ ಮೂಡಲಗಿ ಕ್ಲಬ್ಬಿನ ಅಧ್ಯಕ್ಷ. ಅವನ ಹಿಂದ ಬಿಳಿ ಕೀಪರ್ ಅಂಗಿ ಮ್ಯಾಲ, ಕೈ ಕಟ್ಟಿಸಿಕೊಂಡು, ಸಿದ್ರಾಯ.

"ಬೀರಸಿದ್ದಪ್ಪ, ಬಂದ ದಾರಿ ಹಿಡಿ. ಇಂವ ನಿಂತ್ರ ನಮಗ ಕಪ್ ಇಲ್ಲ."

"ಇವರವ್ವ ಮಾಯವ್ವ ಕಳಿಸ್ಯಾಳಲೇ! ಬೆಳಗಾವಿ ಕೋಚ್ ಇವನ್ನ ನೋಡಾಕಂತನ ಬಂದಾನ. ಇವತ್ತ ಆಡಿದ್ರ ಬೆಳಗಾವಿ ಟೀಮು... ಇಲ್ಲಾಂದ್ರ ಮತ್ತ ಕುರಿ ಹಿಂದ!"

"ಕುರಿ ಕಾಯ್ಲಿ!"

ಬಾಜೂಕಿನ ಕೋಳಿ ಜಾಳಗಿ ಬಾಗಲಾ ಕಾಲಿಲೆ ಒದ್ದೆ. ಕೋಳಿ ಎಲ್ಲಾ ದುಂಡೇಶನ ಮಾರಿ ಮ್ಯಾಲ! ಕುಡಗೋಲು ಬಿತ್ತು. ಅದರಿಂದನ ಸಿದ್ರಾಯನ ಹಗ್ಗ ಕೊಯ್ದೆ.

ಅವನ್ನ ಹತ್ತಿಸಿಕೊಂಡು ಬೈಕ್ ಎತ್ತಿದೆ. ಹಿಂದ ದುಂಡೇಶನ ಬೊಲೆರೊ!

ಕಬ್ಬಿನ ಬದುವಿಗೆ ಇಳಿಸಿದೆ. ಬೊಲೆರೊ ಕಾಲುವ್ಯಾಗ ಇಳೀತು.

ಘೋಡಗೇರಿ ಮೈದಾನ. ಮಾಯವ್ವ ಓಡಿ ಬಂದ್ಳು.

"ಬಂದ್ಯಾ ನನ ಮಗನ!"

ಉಡ್ಯಾಗಿನ ಭಂಡಾರ ತಗದು ಮಗನ ಮ್ಯಾಲ ತೂರಿದ್ಳು. ದೇವರ ಅರಿಷಿಣ. ಅವ್ವ ತೂರಿದ ಮ್ಯಾಲ ಊರು ಬಿಡತೈತೇನ್ರಿ? ಬುಟ್ಟಿಗಟ್ಲೆ ಹಾರಿತು!

ಪಿರ್ರ್...! ರೆಫ್ರಿ ಪಾಯಪ್ಪ ಸರ್.

"ಈ ಅಂಗಿ ನಡ್ಯಂಗಿಲ್ರಿ. ಮೂಡಲಗಿ ಟೀಮ್ ಹಳದಿ. ಕೀಪರ್ ಬಣ್ಣ ಬ್ಯಾರೆ ಇರಬೇಕು. ರೂಲ್!"

"ದೇವರ ಭಂಡಾರ ಐತ್ರಿ, ಸರ್..."

"ದೇವರು ಕೀಪರ್ ನಿಂತ್ರೂ ಇದ ರೂಲ್ ರಿ. ಹತ್ತು ನಿಮಿಷ ಕೊಡ್ತೀನಿ."

ಕ್ಲಬ್ಬಿಗೆ ಇದ್ದದ್ದು ಒಂದ ಕೀಪರ್ ಅಂಗಿ. ನೀರು ಹೊಯ್ದ್ವಿ. ಹಳದಿ ಇನ್ನೂ ಹಳದಿ ಆತು! ಮಂದಿ ಕಡೆ ನೋಡಿದೆ... ಊರಿಗೂರ ಹಳದಿ! ನಮ್ಮ ಟೀಮ್ ಹಸರು, ಅದೂ ನಡ್ಯಂಗಿಲ್ಲ. ಬೆಳಗಾವಿ ಕೋಚ್ ಸಾಹೇಬನ ಟೀ-ಶರ್ಟೂ ಹಸರು!

ಭಂಡಾರ ಹತ್ತಿದ ಜಾಕೀಟು ಬಿಚ್ಚಿ, ಒಳಗಿನ ನನ್ನ ಕರಿ ಅಂಗಿ ಕಳದೆ.

"ಕರಿ ನಂದ್ರಿ," ಅಂದ್ರು ಪಾಯಪ್ಪ ಸರ್, ತಮ್ಮ ರೆಫ್ರಿ ಅಂಗಿ ತೋರಿಸಿ.

ವಾಕ್‌ಓವರ್! ಹತ್ತು ನಿಮಿಷ ಮುಗೀತು, ಆಡದನ ಕಪ್ ಮೂಡಲಗಿಗೆ.

"ಹುಡುಗನ್ನ ನೋಡಿದ್ರಲ್ಲಾ ಸಾಹೇಬ್ರ?" ಅಂದೆ ನಾ.

"ಆಡಿದ್ರ ನೋಡ್ತಿದ್ದೆ," ಅಂದ ಕೋಚ್. ಕಾರ್ ಹತ್ತಿದ.

ಮಾಯವ್ವ ತನ್ನ ಹಳದಿ ಅಂಗೈ ನೋಡಿಕೋಂತ ಕುಂತಿದ್ಳು. "ನಾ ಏನ್ ಮಾಡಿದ್ನೋ ಯಪ್ಪಾ..."

"ಏಳಬೇ ಯವ್ವಾ, ಮನಿಗಿ ಹೋಗೂನು," ಅಂದ ಸಿದ್ರಾಯ.

ಅಷ್ಟರಾಗ ಮೈಯೆಲ್ಲಾ ಕೆಸರಾಗಿ, ಕಾಲುವಿಯಿಂದ ನಡಕೋಂತ ಬಂದ ದುಂಡೇಶ. ಹಲ್ಲು ಕಿಸದ.

"ಸುಮ್ನ ಇವನ್ನ ಕೂಡಿ ಹಾಕಿದ್ನೋ ಬೀರಸಿದ್ದ! ಅವರವ್ವಗ ಬಿಟ್ಟಿದ್ರ ಸಾಕಾಗಿತ್ತು!"

ಮೂಗಿಗೆ ಒಂದು ಕೊಟ್ಟೆ. ರಕ್ತ ಇಳೀತು.

ಆ ಮೈದಾನದಾಗ ಅದೊಂದ ನೋಡ್ರಿ, ಕೆಂಪು ಇದ್ದದ್ದು.