ಕೆನ್ನೆಯ ಮೊಳೆ

"ಬೇರೆ ಯಾವುದು ಬೇಕಾದ್ರೂ ತಗೊಂಡ್ಹೋಗು. ಅದೊಂದು ಬೇಡಪ್ಪ," ಎಂದ ಭಾವ. ಹೇಳುವಾಗ ಮೂಲೆಯಲ್ಲಿದ್ದ ಆ ಕೊರಡಿನ ಕಡೆ ಅಪ್ಪಿತಪ್ಪಿಯೂ ಕಣ್ಣು ಹಾಯಿಸಲಿಲ್ಲ.

ಕೆತ್ತನೆಗಾರನಿಗೆ ನಗು ಬಂತು. ಭಾವ ಅಂದರೆ ಹೆಂಡತಿಯ ಅಣ್ಣ, ಸಾಮಿಲ್ಲಿನ ಯಜಮಾನ. ಕಿರ್ರೋ ಎಂದು ಅರಚುವ ಆಳೆತ್ತರದ ಗರಗಸದ ಪಕ್ಕದಲ್ಲೇ ನಿಂತು ಆಕಳಿಸುವ ಗಂಡಸು. ಅಂಥವನು ಧೂಳು ಹಿಡಿದು ಬಿದ್ದ ಮರದ ತುಂಡಿಗೆ ಹೆದರುತ್ತಾನೆಂದರೆ ಯಾರಿಗೆ ತಾನೆ ನಗು ಬಾರದು?

"ಯಾಕೆ ಭಾವ, ಕಚ್ಚುತ್ತಾ?"

"ಆಡ್ಕೋಬೇಡ. ಅದು ಮಾಟದ ಮರ. ಯಾರೋ ಯಾರದೋ ಮನೆ ಹಾಳು ಮಾಡೋಕೆ ಮಾಡ್ಸಿದ್ದು. ಆಮೇಲೆ ತಿಳಿದವರು ಬಂದು ಮೊಳೆ ಹೊಡೆದು ಕಟ್ಟು ಹಾಕಿದಾರೆ. ನಮ್ಮಪ್ಪ ಅದನ್ನ ಗರಗಸಕ್ಕೆ ಕೊಡ್ಲಿಲ್ಲ, ನಾನೂ ಕೊಟ್ಟಿಲ್ಲ."

"ಅಷ್ಟು ಭಯ ಇದ್ರೆ ಸುಟ್ಟು ಹಾಕ್ಬೇಕಿತ್ತು."

"ಸುಟ್ರೆ ಮೊಳೆ ಕಳಚಿ ಬೀಳುತ್ತಲ್ಲೋ!"

ಈ ಮಾತಿಗಂತೂ ಕೆತ್ತನೆಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಕೊರಡನ್ನು ಕೈಗಾಡಿಗೆ ಉರುಳಿಸಿದ. ಗೇಟಿನ ತನಕ ಭಾವನ ದನಿ ಹಿಂಬಾಲಿಸಿತು: "ಕಬ್ಬಿಣ ಸಿಕ್ಕಿದ್ರೆ ಅಲ್ಲಿಗೇ ಉಳಿ ನಿಲ್ಸು. ಕೀಳ್ಬೇಡ, ನಿನ್ನ ದಮ್ಮಯ್ಯ!"

ಅವನು ಯಾರ ಮಾತಿಗೂ ಸೊಪ್ಪು ಹಾಕುವ ಸ್ಥಿತಿಯಲ್ಲಿರಲಿಲ್ಲ ಅನ್ನಿ. ಹೆಂಡತಿಯ ಊರಿಗೆ ಬಂದು ಹೊಸದಾಗಿ ಬಿಡಾರ ಹೂಡಿದ್ದ. ಕಂಡಕಂಡ ಗ್ಯಾಲರಿಗಳ ಬಾಗಿಲು ತಟ್ಟಿ ಚಪ್ಪಲಿ ಸವೆದ ಮೇಲೆ, ಒಬ್ಬರು ಇವನ ಕೆಲಸವನ್ನಷ್ಟೇ ಇಟ್ಟು ಪ್ರದರ್ಶನ ಮಾಡಲು ಒಪ್ಪಿದ್ದರು. 'ಮನೆಮಂದಿ' ಎಂದು ಹೆಸರು. ತೀರಿಹೋದ ಅಪ್ಪ, ಅಮ್ಮ, ಹೆಂಡತಿ, ಕನ್ನಡಿ ನೋಡಿಕೊಂಡು ಕೆತ್ತಿದ ತನ್ನದೇ ಮೋರೆ, ಎಲ್ಲವೂ ತಯಾರಾಗಿ ಹಿತ್ತಲ ಶೆಡ್ಡಿನ ಗೋಡೆಗೊರಗಿದ್ದವು. ನಟ್ಟನಡುವೆ ನಿಲ್ಲಬೇಕಾದ ಮಗಳ ಮುಖ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಒಂದು ಮರ ಹಣೆಯ ಮೇಲೆ ಸೀಳಿತು. ಇನ್ನೊಂದರ ಹೊಟ್ಟೆಯೊಳಗೆ ಹುಳ. ಮತ್ತೊಂದು ಮೂಗಿನ ತನಕ ಹೇಳಿದ ಹಾಗೆ ಕೇಳಿ, ತುಟಿಗೆ ಬಂದಾಗ ಚಟ್ಟೆಂದು ಚಕ್ಕೆ ಎದ್ದಿತು. ಗ್ಯಾಲರಿಯ ಮೇಡಂ ಬೇರೆ ದಿನಾ ಫೋನು ಮಾಡಿ, "ಮಗಳು ರೆಡೀನಾ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿದಾಗಲೆಲ್ಲ ಅವನ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮರಕ್ಕೆ ಉಳಿ ಇಡುವ ಮೊದಲು ಅವನು ಜೇಡಿಮಣ್ಣಿನಲ್ಲಿ ಮುಖ ಮಾಡಿಕೊಳ್ಳುತ್ತಿದ್ದ. ಮಣ್ಣಿನಲ್ಲಿ ತಪ್ಪಿದರೆ ಮೆತ್ತಿ ಸರಿಮಾಡಬಹುದು, ಮರದಲ್ಲಿ ಹೋದದ್ದು ಹೋಯಿತು. ಮಗಳು ಗಿಣಿ ಸ್ಟೂಲಿನ ಮೇಲೆ ಕೂತು, "ಅಪ್ಪಾ, ಮೂಗು ಕೆರೀಲಾ? ಒಂದೇ ಒಂದ್ಸಲ?" ಎಂದು ಪ್ರಾಣ ತಿಂದಿದ್ದಳು. ಬಾಯಿ ಮುಚ್ಚದ ಹುಡುಗಿಗೆ ಗಿಣಿಯೆಂದಲ್ಲದೆ ಇನ್ನೇನು ಕರೆಯಬೇಕು! ನಕ್ಕರೆ ಎಡಗೆನ್ನೆಯಲ್ಲಿ ಪುಟ್ಟ ಗುಳಿ ಬೀಳುತ್ತಿತ್ತು. ಅದನ್ನು ಕಿರುಬೆರಳಿನ ತುದಿಯಿಂದ ಮಣ್ಣಿನಲ್ಲಿ ಒತ್ತಿ, ಮುಖ ಒಣಗದಂತೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದ.

ಹೊಸ ಕೊರಡು ಮೊದಲು ಬೆಣ್ಣೆಯ ಹಾಗೆ ಬಂತು. ಹಣೆ ಬಂತು, ಗದ್ದ ಬಂತು. ಎಡಗೆನ್ನೆಗೆ ಬಂದಾಗ ಟಣ್! ಉಳಿಯ ಬಾಯಿ ಮುರಿಯಿತು. ಬೇರೆ ಉಳಿ ತಂದ. ಅದರದೂ ಮುರಿಯಿತು. ಬಗ್ಗಿ ನೋಡಿದರೆ, ಗುಳಿ ಬೀಳಬೇಕಾದ ಜಾಗದಲ್ಲೇ ಮೊಳೆಯೊಂದರ ತಲೆ. ಅಷ್ಟು ಹಳೆಯದಾದರೂ ತುಕ್ಕಿನ ಕಲೆಯಿಲ್ಲ.

"ನಿನಗೆ ಇಡೀ ಮರದಲ್ಲಿ ಬೇರೆ ಜಾಗಾನೇ ಸಿಗ್ಲಿಲ್ವಾ!" ಎಂದು ಅವನು ಮೊಳೆಗೇ ಬೈದ. ಭಾವನ ಮಾತು ನೆನಪಾಗಲಿಲ್ಲವೆಂದಲ್ಲ. ನೆನಪಾದದ್ದರಿಂದಲೇ ಸಿಟ್ಟು ನೆತ್ತಿಗೇರಿತು. ಇಕ್ಕಳ ಹಾಕಿ, ಕಾಲು ಕೊಟ್ಟು ಎಳೆದ. ಮೊಳೆ ಜಗ್ಗಲಿಲ್ಲ. ಇನ್ನೊಮ್ಮೆ ಎಳೆದ. ಕೊನೆಗೆ ಅದು ಹಲ್ಲು ಕಿತ್ತಂತೆ ಬುಳಕ್ಕನೆ ಈಚೆ ಬಂತು. ತೂತಿನಿಂದ ಹಸಿ ರಕ್ತದ, ಸುಟ್ಟ ಕೂದಲಿನ ವಾಸನೆ ಬಂತು. ಮರದೊಳಗೆ ಯಾರೋ ಬಹಳ ಹೊತ್ತು ಬಿಗಿಹಿಡಿದ ಉಸಿರನ್ನು ಬಿಟ್ಟ ಸದ್ದಾಯಿತು. ಹಳೇ ಮರ, ಒಳಗೆ ಗಾಳಿ ತುಂಬಿಕೊಂಡಿರುತ್ತದೆ ಎಂದುಕೊಂಡ. ಭಾವನಿಗೆ ತೋರಿಸಿ ಆಡಿಕೊಳ್ಳಬೇಕೆಂದು ಮೊಳೆಯನ್ನು ಡಬ್ಬಿಯೊಳಗೆ ಹಾಕಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ ಅವನ ಗೋಳು. ಮೂಗು ಎಷ್ಟು ತಿದ್ದಿದರೂ ಗಿಣಿಯ ಮೂಗಾಗಲಿಲ್ಲ. ಸಂಜೆ ಸರಿಯಾಗಿ ಬಿಟ್ಟುಹೋದ ಹುಬ್ಬು ಬೆಳಗ್ಗೆ ಗಂಟಿಕ್ಕಿರುತ್ತಿತ್ತು. ತುಟಿ ನಗಿಸಿದರೆ ಮಾರನೆಯ ದಿನ ಬಿಗಿದುಕೊಂಡಿರುತ್ತಿತ್ತು. ಯಾವುದೋ ಗುರುತಿಲ್ಲದ ಹುಡುಗಿ, ಯಾರ ಮೇಲೋ ಹಗೆ ಇಟ್ಟುಕೊಂಡವಳು, ಮರದೊಳಗಿಂದ ಮೆಲ್ಲಮೆಲ್ಲನೆ ಮುಖ ಹೊರಹಾಕುತ್ತಿದ್ದಳು. ಅಳತೆ ಕಡ್ಡಿ ಹಿಡಿದು ಮಣ್ಣಿನ ಮುಖಕ್ಕೂ ಮರಕ್ಕೂ ಎಡತಾಕಿ ಎಡತಾಕಿ ಅವನ ತಲೆ ಚಿಟ್ಟು ಹಿಡಿಯಿತು. ಒಂದು ಮಧ್ಯಾಹ್ನ, ಫೋನಿನಲ್ಲಿ ಮತ್ತದೇ "ಮಗಳು ರೆಡೀನಾ?" ಕೇಳಿದ ಮೇಲೆ, ತಪ್ಪೆಲ್ಲ ಮಣ್ಣಿನದೇ ಎಂದು ನಿಶ್ಚಯಿಸಿದ. ಒದ್ದೆ ಬಟ್ಟೆ ಕಿತ್ತೆಸೆದ. ಮಣ್ಣಿನ ಮುಖವನ್ನು ಗುದ್ದಿ ಗುದ್ದಿ ನೀರಿನ ತೊಟ್ಟಿಗೆ ಹಾಕಿದ. ಅದು ಕರಗಿ ಕೆಸರಾಯಿತು.

ಸ್ವಲ್ಪ ಹೊತ್ತಿಗೆ ಹೆಂಡತಿ ಕಾಫಿ ತಂದಳು. ಮರದ ಮುಖ ನೋಡಿ ಲೋಟ ಹಿಡಿದೇ ನಿಂತುಬಿಟ್ಟಳು.

"ಅಯ್ಯೋ! ಅಚ್ಚು ನಮ್ಮ ಗಿಣೀನೇ ಕಣ್ರೀ!"

"ಗೇಲಿ ಮಾಡ್ಬೇಡ. ಮೊದ್ಲೇ ತಲೆ ಕೆಟ್ಟಿದೆ."

"ನಿಮ್ಮಾಣೆ ರೀ. ಬೇಕಾದ್ರೆ ಪಕ್ಕ ನಿಲ್ಸಿ ನೋಡಿ. ಗಿಣೀ, ಬಾರೇ ಇಲ್ಲಿ!"

ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಮಾತಾಡಲಿಲ್ಲ. ಕೆತ್ತನೆಗಾರ ತಿರುಗಿ ನೋಡಿದ.

ಅದೇ ಗಂಟಿಕ್ಕಿದ ಹುಬ್ಬು. ಅದೇ ಬಿಗಿದ ತುಟಿ. ಗಿಣಿಯ ಫ್ರಾಕಿನೊಳಗೆ, ಗಿಣಿಯ ಜಡೆಯ ನಡುವೆ, ಆ ಮರದ ಹುಡುಗಿಯ ಮುಖ.

"ಇವಳ ಮುಖ... ಇವಳು ಹೀಗಿರ್ಲಿಲ್ಲ ಕಣೇ!"

"ಹೀಗೇ ಇದ್ಳಲ್ರೀ, ಹುಟ್ಟಿದಾಗಿಂದ. ನಿದ್ದೆಗೆಟ್ಟು ಏನೇನೋ ಮಾತಾಡ್ತಿದೀರ."

ಅವನು ಮನೆಯೊಳಗೆ ಓಡಿದ. ಗೋಡೆಯ ಫೋಟೋದಲ್ಲಿ ಅದೇ ಮುಖ. ತೊಟ್ಟಿಲಿನ ಫೋಟೋದಲ್ಲೂ ಅದೇ. ಭಾವನಿಗೆ ಫೋನು ಹಚ್ಚಿದ. ಆ ಕಡೆ ಗರಗಸ ನಿಂತ ಸದ್ದು ಕೇಳಿಸಿತು.

"ಕಿತ್ಯಾ?" ಎಂದ ಭಾವ. ಬೇರೇನೂ ಕೇಳಲಿಲ್ಲ.

"ಕಿತ್ತೆ."

"ಅಯ್ಯೋ ಪಾಪಿ! ಯಾರನ್ನ ನೆನೆದು ಅದರ ಮೇಲೆ ಕೈ ಇಡ್ತೀಯೋ ಅವರನ್ನ ಅದು ತನ್ನ ಹಾಗೆ ಮಾಡ್ಕೊಳ್ಳುತ್ತೆ. ಮುಖಕ್ಕೇ ನಿಲ್ಲಲ್ಲ, ಪೂರ್ತಿ ಮರ ಆಗೋ ತನಕ ಬಿಡಲ್ಲ. ಮೊಳೆ ಇದ್ಯಾ? ಅದೇ ತೂತಿಗೆ ತಿರುಗಿ ಹೊಡಿ! ಹೊಡಿಯೋವಾಗ ಮಾತ್ರ ಮಗೂನ ನೆನಪು..."

ಕರೆ ಕಡಿಯಿತು. ದೀಪವೂ ಹೋಯಿತು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಹಗಲೇ ಕತ್ತಲೆ. ಅವನು ತಡಕುತ್ತ ಒಳಗೆ ಬಂದ. ಎಲ್ಲ ಮುಖಗಳೂ ಉಸಿರಾಡುತ್ತಿವೆ ಎನ್ನಿಸಿತು. ಹಿಂದಿನಿಂದ ಟಕ್, ಟಕ್ ಎಂಬ ಸದ್ದು. ಗಿಣಿ ಬೆರಳಿನಿಂದ ಬಾಗಿಲು ತಟ್ಟುತ್ತಿದ್ದಳು. ಮರಕ್ಕೆ ಮರ ತಾಗಿದ ಸದ್ದು.

"ಅಪ್ಪಾ, ಕೈ ಮಡಚಕ್ಕಾಗ್ತಿಲ್ಲ..."

ಉಳಿ ಎತ್ತಿಕೊಂಡ. ಮರದಲ್ಲಿ ಮಗಳ ಮುಖವನ್ನು ತಿರುಗಿ ತಂದರೆ ಅವಳಿಗೂ ಬರಬಹುದು. ಮೂಗು ಹೇಗಿತ್ತು? ನೆನಪಿಲ್ಲ. ಕಣ್ಣು? ನೆನಪಿಲ್ಲ. ಮಣ್ಣಿನ ಮುಖ! ತೊಟ್ಟಿಗೆ ಕೈ ಹಾಕಿದ. ಕೆಸರು. ಬರೀ ಕೆಸರು. ಇಷ್ಟು ವರ್ಷ ಎತ್ತಿ ಮುದ್ದಾಡಿದ ಮುಖ. ಒಂದೇ ಒಂದು ಗುಳಿಯ ಹೊರತು ಏನೂ ನೆನಪಿಲ್ಲ. ಅವನು ಹಾಳು ಕೈಗಳಿಂದ ತಲೆ ಚಚ್ಚಿಕೊಂಡ.

"ಅಪ್ಪಾ, ಕಾಲೂ..."

ಡಬ್ಬಿ. ಮೊಳೆ. ಸುಡುತ್ತಿತ್ತು. ತೂತಿಗೆ ಇಟ್ಟ. ಸುತ್ತಿಗೆ ಎತ್ತಿದ. ಹೊಡೆದ.

ಗಿಣಿ ಚೀರಿದಳು. ಎಡಗೆನ್ನೆ ಹಿಡಿದುಕೊಂಡು ಚೀರಿದಳು. ಅವನ ಕೈ ನಿಂತಿತು. ಕೈ ನಿಂತೊಡನೆ ಚೀರುವ ದನಿಯೂ ಒಣಗಿ ಕಿರಕಿರ ಎನ್ನತೊಡಗಿತು. ನಿಲ್ಲಿಸುವಂತಿಲ್ಲ. ಹೊಡೆದ. "ಬೇಡಪ್ಪಾ!" ಹೊಡೆದ. ಹೆಂಡತಿ ಓಡಿಬಂದು ತೋಳು ಹಿಡಿದಳು. ತಳ್ಳಿದ. ಹೊಡೆದ. ಕಣ್ಣು ಮುಚ್ಚಿ, ಮಗಳ ಕೂಗು ಕೇಳಿಸಿಕೊಳ್ಳುತ್ತ, ಮೊಳೆಯ ತಲೆ ಕೆನ್ನೆಯೊಳಗೆ ಇಳಿಯುವ ತನಕ ಹೊಡೆದ.

ಸದ್ದು ನಿಂತಿತು. ದೀಪ ಬಂತು. ಗಿಣಿ ಬೆರಳು ಮಡಚಿದಳು, ಬಿಡಿಸಿದಳು. ಅಮ್ಮನ ಸೆರಗಿಗೆ ಮುಖವಿಟ್ಟು ಬಿಕ್ಕಿದಳು. ಮರದ ಹುಡುಗಿಯ ಆ ಮುಖ ಮಾತ್ರ ಅವಳಿಗೆ ಹಾಗೇ ಉಳಿಯಿತು.

ಪ್ರದರ್ಶನಕ್ಕೆ ಅವನು ಕೆತ್ತಿದ ಮುಖವನ್ನು ಕಳಿಸಲೊಲ್ಲದೆ ಕೂತಿದ್ದ. ಗ್ಯಾಲರಿಯ ಮೇಡಮ್ಮೇ ಬಂದು, ಹೆಂಡತಿಯನ್ನು ಒಪ್ಪಿಸಿ, ಗಾಡಿಗೆ ಹಾಕಿಸಿಕೊಂಡು ಹೋದರು. ಮೊದಲ ದಿನವೇ ಜನ ಅದರ ಮುಂದೆ ಮುಗಿಬಿದ್ದರು. ಪಕ್ಕದಲ್ಲಿ ಗಿಣಿಯನ್ನು ನಿಲ್ಲಿಸಿ ಫೋಟೋ ತೆಗೆದರು. "ಏನು ಕೈ ರೀ ನಿಮ್ದು! ತದ್ರೂಪ!" ಎಂದು ಅವನ ಕೈ ಕುಲುಕಿದರು. ಇಷ್ಟು ವರ್ಷ ಅವನು ಹಂಬಲಿಸಿದ ಮಾತು ಅದೇ. ಭಾವ ಮಾತ್ರ ಬಾಗಿಲ ಬಳಿಯೇ ನಿಂತಿದ್ದ, ಒಳಗೆ ಬರಲಿಲ್ಲ.

"ನಗು ಪುಟ್ಟಾ," ಎಂದರು ಮೇಡಂ. ಗಿಣಿ ನಕ್ಕಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು.

"ಗುಳಿ ನೋಡ್ರಿ, ಎಷ್ಟು ಚೆಂದ!"

ಅಪ್ಪನೊಬ್ಬನೇ ಹತ್ತಿರ ಬಗ್ಗಿ ನೋಡಿದ. ಗುಳಿಯ ಆಳದಲ್ಲಿ ಏನೋ ಕಪ್ಪಗೆ ಮಿಂಚುತ್ತಿತ್ತು. ಫೋಟೋ ಮುಗಿಯಿತು, ಗಿಣಿ ನಗು ನಿಲ್ಲಿಸಿದಳು. ಗುಳಿ ಮುಚ್ಚಲಿಲ್ಲ.