ಹದಿಮೂರನೆಯ ಸೂಜಿ

ಸಿದ್ದರಾಜುವಿನ ಎಡಗಾಲಿನಿಂದ ಚಾಪೆಗೆ ರಕ್ತ ಹರಿಯುತ್ತಿತ್ತು. ಅವನಿಗದು ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆ. ಕಂಪಲಾಪುರದ ಆ ಮನೆಯ ನಡುಕೋಣೆಯಲ್ಲಿ ಅವನು ಬೋರಲಾಗಿ ಮಲಗಿದ್ದ. ಬೆನ್ನಿಗೂ ಕಾಲಿಗೂ ಕೂದಲೆಳೆಯಂಥ ಹನ್ನೆರಡು ಅಕ್ಯುಪಂಕ್ಚರ್ ಸೂಜಿಗಳು. ಒಳಗೆ ಬಂದ ಹೆಂಡತಿ ರಾಣಿ ಕಿಟಾರನೆ ಕಿರುಚಿದಳು. ಅಂಗಾಲಿನಲ್ಲಿ ಹದಿಮೂರನೆಯದೊಂದಿತ್ತು — ಹೊಗೆಸೊಪ್ಪಿನ ಬೇಲು ಹೊಲಿಯುವ ದಬ್ಬಣ! ಅರ್ಧದವರೆಗೂ ಇಳಿದಿತ್ತು.

"ಯಾಕಮ್ಮಿ ಕೂಗ್ತೀಯೆ? ಏನಾಯ್ತು?" ಸಿದ್ದರಾಜು ಕೇಳಿದ. ತಿರುಗಿ ನೋಡಲು ಅವನಿಂದಾಗಲಿಲ್ಲ.

ಎಂಟು ತಿಂಗಳ ಹಿಂದೆ, ತೊಂಬತ್ತೆಂಟರ ಆಗಸ್ಟಿನಲ್ಲಿ, ಹೊಗೆಸೊಪ್ಪು ಬೇಯಿಸುವ ಎತ್ತರದ ಕೊಠಡಿಯಾದ ಬ್ಯಾರನ್ನಿನ ಮೇಲಿಂದ ಬಿದ್ದನೆಂದು ಅವನನ್ನು ಮೈಸೂರಿಗೆ ಸಾಗಿಸಿದ್ದರು. ಬೆನ್ನುಹುರಿಗೆ ಪೆಟ್ಟು. ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಆ ದಿನದ ನೆನಪೂ ಹೋಗಿತ್ತು. ಈಗ ಪಿರಿಯಾಪಟ್ಟಣದ ಶಿವಣ್ಣ ವಾರಕ್ಕೆರಡು ಸಲ ಬಂದು ಸೂಜಿ ಹಾಕುತ್ತಿದ್ದರು. ಕಾಲಿನ ಸೆಟೆತ ಕೊಂಚ ಸಡಿಲಗೊಂಡಿತ್ತು. ಅಷ್ಟೇ.

ಸಬ್‌ಇನ್‌ಸ್ಪೆಕ್ಟರ್ ಗಂಗಾಧರಪ್ಪ ಬಂದಾಗ ಶಿವಣ್ಣನನ್ನು ಜನ ಜಗಲಿಯ ಕಂಬಕ್ಕೆ ಒತ್ತಿ ಹಿಡಿದಿದ್ದರು.

"ಸೂಜಿ ಅಂತೇಳಿ ದಬ್ಬಣ ಇಳಿಸವ್ನೆ ಸಾರ್! ಇವನ್ನ ಈ ಊರಿಗೆ ಕಾಲಿಡಂಗೆ ಬುಡಬ್ಯಾಡಿ!" ಮುಂದೆ ನಿಂತು ಕೂಗುತ್ತಿದ್ದವನು ಮಾದೇಶ, ಸಿದ್ದರಾಜುವಿನ ಚಿಕ್ಕಪ್ಪನ ಮಗ. ಎಂಟು ತಿಂಗಳಿಂದ ಅಣ್ಣನನ್ನು ಎತ್ತಿ, ಹೊರಳಿಸಿ, ಸ್ನಾನ ಮಾಡಿಸುತ್ತಿದ್ದವನು ಅವನೇ.

ಗಂಗಾಧರಪ್ಪ ಜನರನ್ನು ಸರಿಸಿ ಒಳಗೆ ಹೋದರು. ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಮ್ಮ ದಬ್ಬಣ ತೆಗೆದು ಪಟ್ಟಿ ಕಟ್ಟಿದ್ದರು.

"ಯಾರಾದರೂ ಒಳಗೆ ಬಂದದ್ದು ಗೊತ್ತಾಯಿತೇನಪ್ಪ?"

ಸಿದ್ದರಾಜು ದನಿ ಬಂದತ್ತ ಮುಖ ಹೊರಳಿಸಿದ. "ಬಂದ್ರು ಸಾರ್. ಶಿವಣ್ಣೋರೇ ಅನ್ಕೊಂಡೆ. ಮಾತಾಡ್ನಿಲ್ಲ. ಬರೀ ಉಸಿರು... ಆಮೇಲೆ ಕತ್ತಿಗೆ ಏನೋ ತಣ್ಣಗೆ ತಾಗ್ತು. ಬಾಳ ಹೊತ್ತು ಅಂಗೇ ಇತ್ತು. ಆಮೇಲೆ ತೆಗೆದ್ರು. ನನ್ ಕಾಲ ತಾವ ಏನ್ ಮಾಡಿದ್ರೋ, ನಂಗೆಂಗೆ ತಿಳೀಬೇಕು?"

ರಾಣಿ ಸೆರಗನ್ನು ಬಾಯಿಗೊತ್ತಿಕೊಂಡಳು.

"ನೀವೆಲ್ಲಿದ್ರಮ್ಮ?"

"ಅಡಿಗೆಮನೇಲಿ. ಶಿವಣ್ಣೋರು ಜಗಲೀಲಿ ಕೂತಿದ್ರು. ಮಾದೇಶ ಹಿತ್ತಲ ಬ್ಯಾರನ್ ತಾವ."

"ಹಿತ್ತಲ ಬಾಗಿಲು?"

"ತೆಗೆದೇ ಇತ್ತು."

ಗಂಗಾಧರಪ್ಪ ಸಿದ್ದರಾಜುವಿನ ಮೇಲೆ ಬಗ್ಗಿ ನೋಡಿದರು. ಸೊಂಟದ ಮೇಲ್ಗಡೆ, ಬೆನ್ನಿಗೆ ಅಡ್ಡಲಾಗಿ ಗೇಣುದ್ದದ ಗಾಯದ ಗುರುತು.

"ಇದೇನು?"

"ಆಪರೇಷನ್ ಮಾಡಿದ್ದು ಸಾರ್," ರಾಣಿ ಹೇಳಿದಳು.

"ಆಸ್ಪತ್ರೆ ಚೀಟಿ ತನ್ನಿ."

ಚೀಟಿಯನ್ನು ಎರಡು ಸಲ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡು ಜಗಲಿಗೆ ಬಂದರು.

"ಶಿವಣ್ಣೋರೆ, ಆ ಗಾಯದ ಬಗ್ಗೆ ಯಾರನ್ನಾದರೂ ಕೇಳಿದ್ರಾ?"

"ಕೇಳಿದೆ. ಶುಕ್ರವಾರ ಹೊರಡೋವಾಗ ಅಂಗಳದಲ್ಲಿ ಮಾದೇಶನ್ನ ಕೇಳಿದೆ. ಬಿದ್ದವರಿಗೆ ಹೀಗೆ ಗೆರೆ ಎಳೆದಂಗೆ ಗಾಯ ಆಗುತ್ತೇನಪ್ಪ ಅಂತ."

ಮಾದೇಶನ ಕಣ್ಣು ಹಿತ್ತಲ ಬ್ಯಾರನ್ನಿನ ಕಡೆ ಹೊರಳಿತು. ಗಂಗಾಧರಪ್ಪ ಅದನ್ನು ಕಂಡರು.

ಅವರ ಜೊತೆ ಬಂದಿದ್ದ ಇಬ್ಬರು ಪೇದೆಗಳು ಬ್ಯಾರನ್ನಿನ ಸೌದೆ ರಾಶಿಯನ್ನು ಕೆದಕಿದರು. ಅರ್ಧ ಗಂಟೆ. ಅಡಿಯಲ್ಲಿ ಗೋಣಿ ಸುತ್ತಿದ ಗಂಧದ ಕೊರಡುಗಳು. ಕಾಡಿನಿಂದ ಕದ್ದು ತಂದವು.

"ಎಲ್ಲರೂ ದಬ್ಬಣ ನೋಡಿದಿರಿ," ಗಂಗಾಧರಪ್ಪ ಹೇಳಿದರು. "ಬೆನ್ನು ಯಾರೂ ನೋಡಲಿಲ್ಲ. ಈ ಚೀಟಿಯಲ್ಲಿ ಏನಿದೆ ಗೊತ್ತಾ? ಇವನಿಗೆ ಆಪರೇಷನ್ನೇ ಆಗಿಲ್ಲ! ದಾಖಲಾದಾಗಲೇ ಬೆನ್ನ ಮೇಲೆ ಈ ಗಾಯ ಇತ್ತು. ಮನೆಯವರು ಆಸ್ಪತ್ರೆಯ ಕೆಲಸ ಅಂದುಕೊಂಡರು. ಆಸ್ಪತ್ರೆಯವರು ಬಿದ್ದ ಪೆಟ್ಟು ಅಂದುಕೊಂಡರು. ಬಿದ್ದ ಅಂತ ಹೇಳಿದವನು ಒಬ್ಬನೇ. ಯಾರು?"

"ಮಾದೇಶ," ರಾಣಿ ಪಿಸುಗುಟ್ಟಿದಳು.

"ಶಿವಣ್ಣ ಗಾಯದ ಮಾತೆತ್ತಿದ್ದೂ ಅವನೊಬ್ಬನ ಹತ್ತಿರ. ಇವರನ್ನು ಊರು ಬಿಡಿಸಬೇಕಿತ್ತು. ಅದಕ್ಕೆ ದಬ್ಬಣ. ಏನೋ ಮಾದೇಶ? ಗಂಧ ಅಣ್ಣನ ಕಣ್ಣಿಗೆ ಬಿತ್ತು ಅಂತ ತಾನೇ ಹಿಂದಿನಿಂದ ಹೊಡೆದದ್ದು?"

ಮಾದೇಶ ಕುಸಿದು ಕೂತ. "ಫಾರೆಸ್ಟ್‌ನೋರಿಗೆ ಏಳ್ತೀನಿ ಅಂದ ಸಾರ್. ಒಲೆ ಕೆದಕೋ ಸೀಗೋಲಲ್ಲಿ ಒಂದೇ ಏಟು. ಇವತ್ತು ಕತ್ತಿಗೇ ಇಕ್ಕವಾ ಅಂತ ವೋದೆ... ಕೈ ಬರ್ನಿಲ್ಲ."

ಪೇದೆಗಳು ಅವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಗಂಗಾಧರಪ್ಪ ಅಲ್ಲೇ ಉಳಿದರು. ಸಿದ್ದರಾಜುವನ್ನು ಎತ್ತಿ ಕೂರಿಸಬೇಕಿತ್ತು. ರಾಣಿ ಒಬ್ಬಳ ಕೈಲಾಗದು. ಶಿವಣ್ಣನೂ ಗಂಗಾಧರಪ್ಪನವರೂ ಹಿಂದಿನಿಂದ ಹೆಗಲಿಗೆ ಕೈ ಹಾಕುತ್ತಲೇ ಸಿದ್ದರಾಜು ಚೀರಿದ.

"ಯಾರು? ಯಾರದು ಮುಟ್ಟಿದ್ದು? ಹೆಸರೇಳಿ!"

"ನಾನಪ್ಪ, ಶಿವಣ್ಣ."

"ಇನ್ನೊಬ್ರು?"

"ಗಂಗಾಧರಪ್ಪ. ಎತ್ತಲೇನಪ್ಪ?"

ಎರಡೂ ಹೆಸರನ್ನು ತಾನೊಮ್ಮೆ ಹೇಳಿಕೊಂಡು ಅವನು ಹ್ಞೂಂ ಎಂದ.

ಅಂದಿನಿಂದ ಆ ಮನೆಯಲ್ಲಿ ಅವನನ್ನು ಮುಟ್ಟುವವರೆಲ್ಲ ಮೊದಲು ತಮ್ಮ ಹೆಸರು ಹೇಳುತ್ತಾರೆ. ರಾಣಿ ಕೂಡ.