ಯಾರೂ ಮೊದಲು ಏಳದ ಪಂಕ್ತಿ

ರಾಜರ ಲಾಯಗಳಲ್ಲಿ ಬೆಂಕಿಯ ಗೂಳಿಗಳು ದುಡಿಯುತ್ತಿದ್ದ ಕಾಲದಲ್ಲಿ, ಹೋಳಿ ಹುಣ್ಣಿಮೆಯ ಮಾರನೆ ದಿನ, ಜಟ್ಟು ಎಂಬ ತರುಣ ಮೊದಲ ಸಲ ಊರು ಬಿಟ್ಟು ಹೊರಟ. ಅವನ ಊರು ಒರತೆದಿಬ್ಬ, ಕಡಲ ನಡುವೆ ಅಂಗೈಯಷ್ಟು ನೆಲ. ಅಲ್ಲಿ ಸಿಹಿನೀರಿನ ಒರತೆ ಇದ್ದದ್ದು ಒಂದೇ. ಹುಣ್ಣಿಮೆಯ ಉಬ್ಬರದಲ್ಲಿ ಕಡಲು ಬಂದು ಆ ಒರತೆಯ ಕಟ್ಟೆ ಮುಟ್ಟಿ ಹೋಗಿತ್ತು.

ಕಾರಣ ಎಲ್ಲರಿಗೂ ಗೊತ್ತಿತ್ತು. ಬಹಳ ಹಿಂದೆ ಮಾಯಗಾರನೊಬ್ಬ ಮೂರು ರಾಜ್ಯಗಳಿಗೆ ಮೂರು ಕೆಂಡಗೂಳಿಗಳನ್ನು ಕೊಟ್ಟು ಹೋಗಿದ್ದ. ಕರಿಕಲ್ಲು ತಿನ್ನಿಸಿದರೆ ಅವು ಗಿರಣಿ ತಿರುಗಿಸುತ್ತಿದ್ದವು, ದೀಪ ಉರಿಸುತ್ತಿದ್ದವು, ರಾಜರ ಹಾಸಿಗೆ ಬೆಚ್ಚಗಿಡುತ್ತಿದ್ದವು. ಅವು ಬಿಟ್ಟ ಹೊಗೆಯನ್ನು ಕಡಲು ಕುಡಿಯುತ್ತಿತ್ತು, ಕುಡಿದು ಉಬ್ಬುತ್ತಿತ್ತು. ಮೇವು ನಿಲ್ಲಿಸಿದರೆ ಗೂಳಿ ತಣ್ಣಗಾಗಿ ಬರಿ ಕಲ್ಲಾಗುತ್ತಿತ್ತು. ಆಗಬೇಕಿದ್ದದ್ದು ಅಷ್ಟೇ.

"ರಾಜರ ಮುಂದೆ ನಿಂತು ಮಾತಾಡೋಕೆ ಬರುತ್ತೇನೋ ನಿಂಗೆ?" ಎಂದಳು ಅಕ್ಕ ಮಂಕಾಳಿ, ಕೂಸನ್ನು ಸೊಂಟಕ್ಕೇರಿಸಿಕೊಳ್ಳುತ್ತ.

"ಬರಲ್ಲ. ನೀರು ಉಪ್ಪಾಗ್ತಿದೆ ಅನ್ನೋಕೆ ಎಷ್ಟು ಮಾತು ಬೇಕು?"

ಮೊದಲು ಬಿಳಿಕೋಟೆಗೆ ಹೋದ. ಅಲ್ಲಿಯ ಧವಳರಾಯನ ಗೂಳಿ ಎಲ್ಲಕ್ಕಿಂತ ಹಳೆಯದು. "ಉಸಿರು ಬಿಗಿಹಿಡಿದು ನನ್ನ ಲಾಯ ದಾಟು, ಆಮೇಲೆ ಮಾತು" ಎಂದ ರಾಜ. ಜಟ್ಟು ದಾಟಿದ. ರೆಪ್ಪೆಗಳು ಸುಟ್ಟವು.

"ನಮ್ಮ ಗೂಳಿಗೆ ವಯಸ್ಸಾಯ್ತು ತಮ್ಮಾ, ಈಗ ಪಥ್ಯದ ಊಟ. ನಮ್ಮ ಪಾತ್ರೆ, ಬಟ್ಟೆ ಎಲ್ಲ ಸೋವರಾಯನ ಗೂಳಿ ಮಾಡಿಕೊಡುತ್ತೆ. ಹೊಗೆ ಏಳೋದು ಅವನ ಅಂಗಳದಲ್ಲಿ. ಅವನನ್ನು ಕೇಳು. ಉಳಿದವರು ಬಂದರೆ ನಾನೂ ಒಪ್ಪಂದದ ಪಂಕ್ತಿಗೆ ಬರ್ತೀನಿ."

ಆಮೇಲೆ ಗಿರಣಿಪುರದ ಸೋವರಾಯನ ಬಳಿ ಹೋದ. ಅವನು ಕೈಗೆ ಜರಡಿ ಕೊಟ್ಟ. "ಆಕಾಶದ ಹೊಗೆ ಜರಡಿ ಹಿಡಿ. ಯಾರದು ಯಾವುದು, ಬೇರೆ ಮಾಡು." ಜಟ್ಟು ಸಂಜೆವರೆಗೆ ಜರಡಿ ಆಡಿಸಿದ.

"ಎಲ್ಲ ಒಂದೇ ಬಣ್ಣ, ದೊರೆ."

"ನಾನು ಹೇಳೋದೂ ಅದೇ. ಪಾತ್ರೆ ಧವಳರಾಯನದು, ಬೈಗುಳ ನನಗೆ. ನನ್ನ ಜನ ದೀಪ ಕಂಡದ್ದು ನಿನ್ನೆ ಮೊನ್ನೆ, ಇವತ್ತೇ ಆರಿಸು ಅಂತೀಯಾ? ಉಳಿದವರು ಬಂದರೆ ನಾನೂ ಬರ್ತೀನಿ, ಹೋಗು."

ಅವನ ಮಾತೂ ನ್ಯಾಯವೇ ಅನ್ನಿಸಿತು ಜಟ್ಟುವಿಗೆ. ಅವನಿಗೆ ಭಯವಾದದ್ದು ಆಗಲೇ.

ಕೊನೆಗೆ ಗಣಿನಾಡಿನ ರಾಣಿ ಹೊನ್ನಾಜಿ. "ಒಂದು ಕರಿಕಲ್ಲು ನುಂಗು" ಎಂದಳು. ನುಂಗಿದ. ಹೊಟ್ಟೆ ಉರಿಯಿತು.

"ನಾನು ಕಲ್ಲು ಅಗೀತೀನಿ, ಕೇಳಿದವರಿಗೆ ಕೊಡ್ತೀನಿ. ನನ್ನ ಗೂಳಿಗೆ ಒಂದು ತುತ್ತು, ಮಿಕ್ಕಿದ್ದೆಲ್ಲ ಅವರಿಗೆ. ಸುಡೋರು ಅವರು. ಈಗ ನೀನೂ ತಿಂದೆಯಲ್ಲ, ನಾನೇನು ಬಾಯಿಗೆ ತುರುಕಿದೆನಾ? ಆಗಲಿ, ಉಳಿದವರು ಬಂದರೆ ನಾನೂ ಬರ್ತೀನಿ."

ಆ ರಾಜ್ಯಗಳಲ್ಲಿ ಒಪ್ಪಂದ ಆಗುತ್ತಿದ್ದದ್ದು ಊಟದ ಪಂಕ್ತಿಯಲ್ಲಿ. ಎಲ್ಲರೂ ಒಟ್ಟಿಗೆ ಕೂತು ಒಟ್ಟಿಗೆ ಎದ್ದರೆ ಆಡಿದ ಮಾತು ಶಾಸನ. ಒಬ್ಬ ಮೊದಲೇ ಎದ್ದರೆ ಪಂಕ್ತಿ ಕೆಟ್ಟಿತು, ಮಾತೂ ಕೆಟ್ಟಿತು.

ಮೂವರೂ ಬಂದರು. "ನೀನೂ ಕೂತ್ಕೋ ತಮ್ಮಾ, ನಿಂತಿರೋದು ಚೆನ್ನಾಗಿರಲ್ಲ" ಎಂದ ಧವಳರಾಯ. ಜಟ್ಟು ಅದನ್ನು ಮರ್ಯಾದೆ ಅಂದುಕೊಂಡು ಪಂಕ್ತಿಯ ತುದಿಯಲ್ಲಿ ಕೂತ. ಬಡಿಸುವವರು ಅವನ ಎಲೆಗೆ ಚಿಟಿಕೆ ಉಪ್ಪು ಹಾಕಿದರು. ಬೇರೆ ಯಾವ ಪಾತ್ರೆಯೂ ತುದಿಯವರೆಗೆ ಬರಲಿಲ್ಲ.

ಆದರೆ ಮಾತು ಬಂತು. "ಈ ಊಟ ಮುಗಿಸಿ ಎದ್ದ ಗಳಿಗೆಯಿಂದ ಮೂರು ಗೂಳಿಗೂ ಮೇವಿಲ್ಲ" ಎಂದರು ಮೂವರೂ. ಜಟ್ಟುವಿನ ಕಣ್ಣು ತುಂಬಿತು.

ಧವಳರಾಯ ಇನ್ನೊಮ್ಮೆ ಪಾಯಸ ಹಾಕಿಸಿಕೊಂಡ. "ಆಯ್ತಾ? ಮೊದಲು ಬಡಿಸಿದ್ದು ನಿಮಗೆ, ಮುಗಿಸಿ" ಎಂದ ಸೋವರಾಯ. "ನನಗಿನ್ನೂ ಸಾರೂ ಬಂದಿಲ್ಲ."

"ಆತುರ ಮಾಡಿದರೆ ಅಜೀರ್ಣ" ಎಂದಳು ಹೊನ್ನಾಜಿ, ಇಬ್ಬರ ಎಲೆಗೂ ತಾನೇ ಬಡಿಸುತ್ತ.

ಅದು ಮಾಯದ ಊಟ, ಮುಗಿಯಲಿಲ್ಲ. ಮಳೆಗಾಲ ಬಂತು, ಹೋಯಿತು. ಎಲೆಗಳು ಬಾಡಲಿಲ್ಲ. ಹೊರಗೆ ಲಾಯಗಳಲ್ಲಿ ಕಲ್ಲು ಸುರಿಯುವ ಸದ್ದು ಕೇಳುತ್ತಲೇ ಇತ್ತು. ಜಟ್ಟು ಹಸಿದು ಕೂತೇ ಇದ್ದ.

ಒಂದು ಮಧ್ಯಾಹ್ನ ಕಡಲಹಕ್ಕಿಯೊಂದು ಬಂದು ಅವನ ಎಲೆಯ ಮೇಲೆ ಇಳಿದು ಮಂಕಾಳಿಯ ದನಿಯಲ್ಲಿ ಮಾತಾಡಿತು. "ತಮ್ಮಾ, ಒರತೆ ಉಪ್ಪಾಯ್ತು. ಕೂಸು ಕುಡಿದದ್ದೆಲ್ಲ ಕಾರಿಕೊಳ್ತಿದೆ. ಬಾರೋ."

ಜಟ್ಟು ಎದ್ದ.

ಮೂವರ ಕೈಗಳೂ ಒಟ್ಟಿಗೆ ನಿಂತವು.

"ಛೇ, ಎದ್ದುಬಿಟ್ಟನಲ್ಲ" ಎಂದ ಧವಳರಾಯ. ಅವನ ದನಿಯಲ್ಲಿ ಭಾರ ಇಳಿದಂತಿತ್ತು.

"ಇನ್ನೇನು ಮುಗೀತಿತ್ತು" ಎಂದ ಸೋವರಾಯ.

"ನಾವಂತೂ ಕೂತೇ ಇದ್ದೆವಪ್ಪ" ಎಂದು ಹೊನ್ನಾಜಿ ಕೈತೊಳೆಯಲು ನೀರು ತರಿಸಿದಳು. "ಒರತೆದಿಬ್ಬದವರೇ ಪಂಕ್ತಿ ಕೆಡಿಸಿದ್ದು. ಡಂಗುರ ಸಾರಿಸಿ."

"ನನ್ನ ಎಲೆಯಲ್ಲಿ ಉಪ್ಪು ಬಿಟ್ಟರೆ ಏನೂ ಇರಲಿಲ್ಲ, ತಾಯಿ."

"ಎಲೆ ಇತ್ತಲ್ಲ."

ಅವನು ದಿಬ್ಬ ಮುಟ್ಟಿದಾಗ ಒರತೆ ಎಲ್ಲಿತ್ತು ಎನ್ನುವುದೇ ಕಾಣಲಿಲ್ಲ. ಜನ ದೋಣಿ ಏರುತ್ತಿದ್ದರು. ಮಂಕಾಳಿ ಇಬ್ಬನಿ ಹೀರಿದ ಬಟ್ಟೆಯನ್ನು ಕೂಸಿನ ತುಟಿಗೆ ಹಿಂಡುತ್ತಿದ್ದಳು.

"ಏನಂದ್ರೋ?"

"ತಪ್ಪು ನಮ್ಮದಂತೆ."

ಅವಳು ನಕ್ಕಳು. ನಗು ಬೇಗ ಮುಗಿಯಿತು.

ಮೂರು ರಾಜ್ಯಗಳೂ ಸುಖವಾಗಿದ್ದವು. ದೀಪಗಳು ಉರಿಯುತ್ತಿದ್ದವು, ಹಾಸಿಗೆಗಳು ಬೆಚ್ಚಗಿದ್ದವು.

ಜಟ್ಟು ಬಲೆ, ಗಡಿಗೆ, ಕೂಸಿನ ಕುಲಾವಿ ಎಲ್ಲ ಒಂದು ಬಟ್ಟೆಗೆ ಹಾಕಿದ.

"ಮುಂದಿನ ಪಂಕ್ತಿಗೆ ಹೋಗ್ತೀಯಾ?"

"ನೆಲ ಇಲ್ಲದವರಿಗೆ ಎಲೆ ಹಾಕಲ್ಲವಂತೆ."

"ಮತ್ತೆಲ್ಲಿಗೆ?"

"ಕುಡಿಯೋ ನೀರಿರೋ ಕಡೆಗೆ. ಅಲ್ಲಿರೋರು ಇಳಿಯೋಕೆ ಬಿಟ್ಟರೆ."

ಗಂಟು ಬಿಗಿಯಲು ಒಣ ಜಾಗ ಸಿಗಲಿಲ್ಲ. ಅಕ್ಕನ ಹೆಗಲ ಮೇಲಿಟ್ಟು ಬಿಗಿದ.